ಶಾಲಾ ವಾದ್ಯವೃಂದಕ್ಕೆ ಹಾಡು ಹೊಂದಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ರಾಜ್ಯೋತ್ಸವ, ವಾರ್ಷಿಕೋತ್ಸವ, ಯುವಜನೋತ್ಸವ ಹತ್ತಿರ ಬಂದಾಗ ಸಂಗೀತ ಶಿಕ್ಷಕರಿಗೆ ಎದುರಾಗುವ ಪ್ರಶ್ನೆಗಳು ಇವು. ಇಲ್ಲಿನ ಉತ್ತರಗಳು ಹೈಸ್ಕೂಲು, ಪಿಯು ಮಟ್ಟದ ಮಿಶ್ರ ತಂಡಗಳಿಗೆ ಹೇಳಿದ್ದು. ಒಂದಿಷ್ಟು ಹಾಡುವವರು, ನಾಲ್ಕಾರು ಪಿಟೀಲು, ಒಂದೆರಡು ಕೊಳಲು, ಕೀಬೋರ್ಡು, ತಬಲಾ ಅಥವಾ ಮೃದಂಗ, ಜೊತೆಗೆ ಯಾವ ವಾದ್ಯವೂ ಸರಿಯಾಗಿ ಬಾರದ, ಆದರೆ ಸೇರಲೇಬೇಕೆಂದು ಹಟ ಹಿಡಿದ ಹತ್ತು ಮಕ್ಕಳು.

ರಾಗ ಸಂಯೋಜನೆ ಬೇರೆ, ವಾದ್ಯ ಸಂಯೋಜನೆ ಬೇರೆಯೇ?

ಬೇರೆ. ಕವಿತೆಗೆ ಧಾಟಿ ಕಟ್ಟುವುದು ರಾಗ ಸಂಯೋಜನೆ. ಆ ಧಾಟಿಯಲ್ಲಿ ಯಾರು ಎಲ್ಲಿ ಶುರು ಮಾಡಬೇಕು, ಯಾರು ಎಲ್ಲಿ ಸುಮ್ಮನಿರಬೇಕು, ಹಿಂದೆ ಏನು ನಡೆಯಬೇಕು ಎಂದು ತೀರ್ಮಾನಿಸುವುದು ವಾದ್ಯ ಸಂಯೋಜನೆ. ಶಾಲೆಯಲ್ಲಿ ಎರಡನ್ನೂ ಒಬ್ಬರೇ ಮಾಡುತ್ತಾರೆ, ಹಾಗಾಗಿ ಎರಡೂ ಕಲಸಿಹೋಗುತ್ತವೆ. ಧಾಟಿ ಪೂರ್ತಿ ಗಟ್ಟಿಯಾಗುವ ಮೊದಲೇ ವಾದ್ಯ ಹಂಚಲು ಹೋದರೆ, ಧಾಟಿಯಲ್ಲಿ ಒಂದು ಸಂಗತಿ ಬದಲಾಯಿಸಿದಾಗಲೆಲ್ಲ ಎಲ್ಲರ ಹಾಳೆಯನ್ನೂ ತಿದ್ದಬೇಕಾಗುತ್ತದೆ.

ಮೊದಲ ಕೆಲಸ ಯಾವುದು? ಹಾಡು ಆರಿಸುವುದೇ?

ಅಲ್ಲ, ಮಕ್ಕಳ ಪಟ್ಟಿ ಮಾಡುವುದು. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ನಾಲ್ಕು ವಿಷಯ ಬರೆದುಕೊಳ್ಳಿ: ವಾದ್ಯ, ಎಷ್ಟು ವರ್ಷದ ಕಲಿಕೆ, ಅವರ ಬಳಿ ಇರುವ ವಾದ್ಯದ ಶ್ರುತಿ, ಅಪಸ್ವರ ಬಾರದೆ ನುಡಿಸಬಲ್ಲ ಸ್ವರಗಳು. ನಾಲ್ಕನೆಯದೇ ಮುಖ್ಯ. ಪಿಟೀಲು ಹಿಡಿದು ಆರು ತಿಂಗಳಾದ ಮಗು ಮಧ್ಯ ಸ್ಥಾಯಿಯ ಸ, ರಿ, ಗ, ಪ ಗಟ್ಟಿಯಾಗಿ ನುಡಿಸಬಲ್ಲದು ಎಂದರೆ ಆ ನಾಲ್ಕು ಸ್ವರದಲ್ಲೇ ಅದರ ಪಾಲು ಬರೆಯಬೇಕು.

ಇಡೀ ಕೆಲಸದ ಬುಡ ಇದು. ರೆಕಾರ್ಡಿಂಗಿನಲ್ಲಿ ಕೇಳಿದ ಸದ್ದನ್ನು ಮಕ್ಕಳಿಂದ ತೆಗೆಸಲು ಹೋಗಬಾರದು, ಇರುವ ಮಕ್ಕಳಿಂದ ಯಾವ ಸದ್ದು ಹೊರಡುತ್ತದೋ ಅದಕ್ಕೆ ಹಾಡನ್ನು ಹೊಂದಿಸಬೇಕು. ಒಂದೇ ಸ್ವರ ಬರುವ ಮಗುವಿಗೂ, ಆ ಸ್ವರ ಬೀಳದಿದ್ದರೆ ಹಾಡು ಬರಿದೆನಿಸುವಂಥ ಜಾಗ ಕೊಡಿ. ಪಲ್ಲವಿಗೆ ಮರಳುವಾಗ ಸಮಕ್ಕೆ (ತಾಳದ ಸುತ್ತು ಶುರುವಾಗುವ ಎಣಿಕೆಗೆ) ಸರಿಯಾಗಿ ಬೀಳುವ ಒಂದು ತಾಳದ ಪೆಟ್ಟು, ಚರಣದ ಕೊನೆಯಲ್ಲಿ ನಾಲ್ಕು ಅಕ್ಷರ (ತಾಳದ ಎಣಿಕೆ) ನಿಲ್ಲುವ ಒಂದು ಷಡ್ಜ (ಸ). ಇದನ್ನು ಕಾಯುವ ಮಗು ಇಡೀ ಹಾಡನ್ನು ಎಣಿಸುತ್ತಾ ಕೂತಿರುತ್ತದೆ. ತಾಳಜ್ಞಾನ ಬರುವುದೇ ಹಾಗೆ.

ಹೊಸ ತಂಡಕ್ಕೆ ಎಂಥ ಹಾಡು ಒಳ್ಳೆಯದು?

ಎಲ್ಲರಿಗೂ ಆಗಲೇ ಬರುವಂಥದ್ದು. ಕರ್ನಾಟಕ ಸಂಗೀತ ಕಲಿಯುವ ಮಕ್ಕಳಿದ್ದರೆ ಪುರಂದರದಾಸರ ಪಿಳ್ಳಾರಿ ಗೀತೆಗಳಿವೆ (ಕಲಿಕೆಯ ಆರಂಭದಲ್ಲಿ ಹೇಳಿಕೊಡುವ ಸರಳ ಗೀತೆಗಳು). ಮಲಹರಿ ರಾಗದ ‘ಶ್ರೀ ಗಣನಾಥ’ ರೂಪಕ ತಾಳ, ‘ಕೆರೆಯ ನೀರನು’ ತ್ರಿಪುಟ ತಾಳ. ಸ್ವರ, ಸಾಹಿತ್ಯ ಎರಡೂ ಬಾಯಿಗೆ ಬರುವುದರಿಂದ ಮಕ್ಕಳ ಗಮನವನ್ನೆಲ್ಲ ಒಟ್ಟಿಗೆ ನುಡಿಸುವುದರ ಮೇಲೆ ಇಡಬಹುದು.

ಇನ್ನೊಂದು ಚಿನ್ನದಂಥ ಸಂಗ್ರಹ ಮುತ್ತುಸ್ವಾಮಿ ದೀಕ್ಷಿತರ ನೋಟುಸ್ವರಗಳು. ಈಸ್ಟ್ ಇಂಡಿಯಾ ಕಂಪನಿಯ ಕಾಲದ ಬ್ಯಾಂಡುಗಳು ನುಡಿಸುತ್ತಿದ್ದ ಪಾಶ್ಚಾತ್ಯ ಧಾಟಿಗಳಿಗೆ ದೀಕ್ಷಿತರು ಸಂಸ್ಕೃತ ಸಾಹಿತ್ಯ ಬರೆದರು. ಎಲ್ಲವೂ ಶಂಕರಾಭರಣ ರಾಗದ ಸ್ವರಗಳಲ್ಲಿವೆ, ಗಮಕ (ಸ್ವರವನ್ನು ಅಲುಗಿಸುವ, ಜಾರಿಸುವ ಅಲಂಕಾರ) ಇಲ್ಲವೆನ್ನುವಷ್ಟು ಕಡಿಮೆ, ನಡೆ ನೇರ. ‘ಶ್ಯಾಮಲೇ ಮೀನಾಕ್ಷಿ’ಯನ್ನು ಕೀಬೋರ್ಡಿನ ಮಗು, ಗಿಟಾರಿನ ಮಗು, ಪಿಟೀಲಿನ ಮಗು ಒಂದೇ ಮಧ್ಯಾಹ್ನದಲ್ಲಿ ಕಲಿತುಬಿಡುತ್ತವೆ. ಹುಟ್ಟಿದ್ದೇ ಬ್ಯಾಂಡಿನ ಧಾಟಿಗಳಾದ್ದರಿಂದ ಎರಡನೇ ದನಿ ಸೇರಿಸಿದರೂ ಪರಕೀಯ ಅನ್ನಿಸುವುದಿಲ್ಲ.

ತೋಡಿ, ಸಾವೇರಿಯಂಥ ಗಮಕವೇ ಉಸಿರಾದ ರಾಗಗಳನ್ನು ವಾದ್ಯವೃಂದಕ್ಕೆ ತರಬೇಡಿ. ಹತ್ತು ಜನ ಹತ್ತು ರೀತಿ ಗಾಂಧಾರ ಹಿಡಿದರೆ ರಾಗ ಉಳಿಯುವುದಿಲ್ಲ.

ಶ್ರುತಿ ಎಷ್ಟು ಮನೆಗೆ ಇಡಬೇಕು?

ಇಲ್ಲಿ ಆಗುವ ತಪ್ಪು ಬಹುತೇಕ ಒಂದೇ: ಶಿಕ್ಷಕರು ತಮ್ಮ ಗಂಟಲಿಗೆ ಒಗ್ಗುವ ಶ್ರುತಿಯಲ್ಲಿ ಹಾಡು ಹೇಳಿಕೊಡುತ್ತಾರೆ. ಮಕ್ಕಳ ದನಿ ಮಂದ್ರದಲ್ಲಿ ಗೊಗ್ಗರಾಗಿ, ಕೇಳದೇ ಹೋಗುತ್ತದೆ. ಆಗ ‘ಜೋರಾಗಿ ಹಾಡಿ’ ಎನ್ನುತ್ತಾರೆ, ಮಕ್ಕಳು ಕಿರುಚುತ್ತವೆ.

ಷಡ್ಜ ಎಲ್ಲಿದೆ ಎಂದು ನೋಡಬೇಡಿ, ಹಾಡಿನ ಅತಿ ಕೆಳಗಿನ ಮತ್ತು ಅತಿ ಮೇಲಿನ ಸ್ವರ ಯಾವುವೆಂದು ನೋಡಿ. ಹೈಸ್ಕೂಲಿನ ಹುಡುಗಿಯರು ಮತ್ತು ಇನ್ನೂ ಧ್ವನಿ ಒಡೆಯದ ಹುಡುಗರಿಗೆ, ಕೀಬೋರ್ಡಿನ ನಡುವಿನ ‘ಸಿ’ಗಿಂತ ಕೆಳಗಿರುವ ‘ಎ’ಯಿಂದ ಹಿಡಿದು ಮೇಲಿನ ಸ್ಥಾಯಿಯ ‘ಡಿ’ವರೆಗೆ ಸಾಮಾನ್ಯವಾಗಿ ಸಲೀಸು. ಒಂದರಿಂದ ನಾಲ್ಕನೇ ತರಗತಿಯವರಿಗೆ ಇಷ್ಟು ಹರವು ಬೇಡ, ನಡುವಿನ ‘ಸಿ’ಯಿಂದ ಅದರ ಮೇಲಿನ ‘ಸಿ’ ಸಾಕು.

ಎರಡು ಲೆಕ್ಕ ನೋಡಿ. ಹಾಡು ಮಂದ್ರ ಪಂಚಮಕ್ಕಿಳಿದು (ಕೆಳಗಿನ ಸ್ಥಾಯಿಯ ಪ) ತಾರ ಷಡ್ಜಕ್ಕೆ (ಮೇಲಿನ ಸ್ಥಾಯಿಯ ಸ) ಮುಗಿಯುತ್ತದೆ ಎನ್ನಿ. ಶ್ರುತಿ ಎರಡು ಮನೆಗೆ (ಕೀಬೋರ್ಡಿನ ‘ಸಿ’ಯನ್ನು ಒಂದು ಮನೆ ಎಂದು ಎಣಿಸಿದರೆ), ಅಂದರೆ ‘ಡಿ’ಗೆ ಇಟ್ಟರೆ ಮಂದ್ರ ಪಂಚಮ ‘ಎ’ ಆಗುತ್ತದೆ, ತಾರ ಷಡ್ಜ ಮೇಲಿನ ‘ಡಿ’. ಸರಿಯಾಗಿ ಕೂತಿತು. ಇನ್ನೊಂದು ಹಾಡು ಮಧ್ಯ ಷಡ್ಜಕ್ಕಿಂತ ಕೆಳಗಿಳಿಯದೆ ತಾರ ಪಂಚಮ ಮುಟ್ಟುತ್ತದೆ. ಅದನ್ನು ಎರಡು ಮನೆಯಲ್ಲಿ ಹಾಡಿಸಿದರೆ ಮಕ್ಕಳ ಗಂಟಲು ಹರಿದುಹೋಗುತ್ತದೆ. ಐದು ಮನೆಗೆ, ‘ಜಿ’ಗೆ ಇಳಿಸಿದರೆ ಷಡ್ಜ ಕೆಳಗಿನ ‘ಜಿ’, ತಾರ ಪಂಚಮ ಮೇಲಿನ ‘ಡಿ’. ಕೆಳಗೆ ಒಂದು ಸ್ವರ ತಗ್ಗಾಯಿತು, ಅಷ್ಟು ತಡೆದುಕೊಳ್ಳಬಹುದು. ಹಿಂದೂಸ್ತಾನಿ ಕಲಿತವರು ಬಿಳಿ, ಕಪ್ಪು ಮನೆಗಳನ್ನು ಬೇರೆಬೇರೆಯಾಗಿ ಎಣಿಸುತ್ತಾರೆ. ಅವರ ‘ಕಪ್ಪು ಒಂದು’ ನಮ್ಮ ‘ಒಂದೂವರೆ’. ಧಾರವಾಡದ ಕಡೆಯ ತಬಲಾ ವಾದಕರನ್ನು ಕರೆಸುವಾಗ ಸಂಖ್ಯೆ ಮಾತ್ರ ಹೇಳದೆ ಇಂಗ್ಲಿಷ್ ಅಕ್ಷರವನ್ನೂ ಹೇಳಿ.

ಧ್ವನಿ ಒಡೆಯುತ್ತಿರುವ ಹುಡುಗರನ್ನು ಏನು ಮಾಡುವುದು?

ದಯವಿಟ್ಟು ತಾಳ ಕೊಟ್ಟು ಮೂಲೆಗೆ ಕೂರಿಸಬೇಡಿ. ಎಂಟು, ಒಂಬತ್ತನೇ ತರಗತಿಯ ಹುಡುಗನಿಗೆ ಕೆಲವು ತಿಂಗಳು ಐದಾರು ಸ್ವರ ಮಾತ್ರ ಕೈಗೆ ಸಿಗುತ್ತವೆ, ಅವೂ ತಿಂಗಳಿಂದ ತಿಂಗಳಿಗೆ ಕೆಳಗೆ ಸರಿಯುತ್ತವೆ. ಒಬ್ಬೊಬ್ಬನನ್ನೇ ಕರೆದು ಆ ಐದಾರು ಸ್ವರ ಯಾವುವೆಂದು ಕಂಡುಕೊಳ್ಳಿ. ಪಲ್ಲವಿಯ ಕೊನೆಯ ನಾಲ್ಕು ಪದ, ಜನಪದ ಹಾಡಾದರೆ ಸೊಲ್ಲು ಹಿಡಿಯುವ ಜಾಗ, ಇಲ್ಲವೇ ಒಂದೇ ಷಡ್ಜದಲ್ಲಿ ನಿಲ್ಲುವ ಹಿಮ್ಮೇಳ, ಇವು ಅಷ್ಟರಲ್ಲೇ ಸಿಗುತ್ತವೆ. ಧ್ವನಿ ಪೂರ್ತಿ ಇಳಿದು ನೆಲೆಗೊಂಡವರು ಹುಡುಗಿಯರ ಧಾಟಿಯನ್ನೇ ಒಂದು ಸ್ಥಾಯಿ ಕೆಳಗೆ ಹಾಡಲಿ.

ಕೊಳಲು, ತಬಲಾ, ಗಿಟಾರು, ಟ್ರಂಪೆಟ್ಟು ಎಲ್ಲವೂ ಒಂದೇ ಶ್ರುತಿಗೆ ಬರುವುದು ಹೇಗೆ?

ಶ್ರುತಿ ಬದಲಾಯಿಸಲು ಆಗದ ವಾದ್ಯದಿಂದ ಶುರು ಮಾಡಿ. ಹಳೆಯ ಹಾರ್ಮೋನಿಯಂ ಇದ್ದರೆ ಅದೇ ಯಜಮಾನ. ಅದರ ರೀಡುಗಳು ಕೀಬೋರ್ಡಿಗೆ ಹೊಂದುವುದಿಲ್ಲವಾದರೆ ಎರಡರಲ್ಲಿ ಒಂದನ್ನು ಬಿಟ್ಟುಬಿಡಿ, ಎರಡೂ ಇಟ್ಟುಕೊಂಡು ಸರಿ ಮಾಡಲು ಆಗದು.

ಕೊಳಲು ಕಲಿಯುವ ಮಗುವಿನ ಬಳಿ ಒಂದೋ ಎರಡೋ ಕೊಳಲು ಇರುತ್ತವೆ. ಐದು ಮನೆಯ ಕೊಳಲು ಮಾತ್ರ ಇದ್ದು ಹಾಡು ಎರಡು ಮನೆಯದಾದರೆ, ಕೊಳಲಿನ ಪಂಚಮವನ್ನೇ ಷಡ್ಜ ಮಾಡಿಕೊಂಡು ನುಡಿಸಬಹುದು. ಮೋಹನ ರಾಗವಾದರೆ ತೊಂದರೆಯೇ ಇಲ್ಲ, ಸ ರಿ ಗ ಪ ದ ಎಂಬುದು ಆ ಕೊಳಲಿನಲ್ಲಿ ಪ ದ ನಿ ರಿ ಗ ಆಗುತ್ತದೆ. ಶಂಕರಾಭರಣವಾದರೆ ಹಾಡಿನ ನಿಷಾದಕ್ಕೆ ಕೊಳಲಿನ ಪ್ರತಿ ಮಧ್ಯಮ (ಮಾಮೂಲಿ ಮಧ್ಯಮಕ್ಕಿಂತ ಅರ್ಧ ಮನೆ ಮೇಲಿನದು) ಬೇಕು, ಅದನ್ನು ಮೊದಲೇ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಗುರುತಿಸಿ. ಚಳಿಗೆ ಕೊಳಲಿನ ಶ್ರುತಿ ಇಳಿಯುತ್ತದೆ, ಬಿಸಿಗೆ ಏರುತ್ತದೆ. ತಂತಿವಾದ್ಯ ಇದಕ್ಕೆ ತದ್ವಿರುದ್ಧ, ವೇದಿಕೆಯ ದೀಪದ ಬಿಸಿಗೆ ತಂತಿ ಸಡಿಲಾಗಿ ಶ್ರುತಿ ಇಳಿಯುತ್ತದೆ. ಎಸಿ ಕೋಣೆಯಲ್ಲಿ ಶ್ರುತಿ ಮಾಡಿ ಬಿಸಿಲಿನ ಮೈದಾನಕ್ಕೆ ಬಂದರೆ ಇವೆರಡೂ ಬೇರೆ ಬೇರೆ ದಿಕ್ಕಿಗೆ ಓಡಿರುತ್ತವೆ. ನುಡಿಸುವ ಜಾಗದಲ್ಲೇ, ಕೊಳಲಿಗೆ ಎರಡು ನಿಮಿಷ ಊದಿ ಬಿಸಿಯಾದ ಮೇಲೆ ಶ್ರುತಿ ಹೊಂದಿಸಿ.

ತಬಲಾದ ಬಲಗಡೆಯನ್ನು ಷಡ್ಜಕ್ಕೇ ಸೇರಿಸಬೇಕೆಂದಿಲ್ಲ. ಅದನ್ನು ಅರ್ಧ ಮನೆ ಆಚೀಚೆಗಿಂತ ಹೆಚ್ಚು ಎಳೆದರೆ ನಾದ ಕೆಡುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ. ಐದು ಮನೆಯ ಹಾಡಿಗೆ ಎರಡು ಮನೆಯ ತಬಲಾವನ್ನು ಪಂಚಮವಾಗಿ ಬಳಸಿ. ಒಂದು ಮನೆಯ ತಬಲಾ ಆ ಶ್ರುತಿಗೆ ಮಧ್ಯಮವಾಗುತ್ತದೆ, ಆದರೆ ರಾಗದಲ್ಲಿ ಮಧ್ಯಮ ಇರಬೇಕು. ಮೋಹನಕ್ಕೆ, ಹಂಸಧ್ವನಿಗೆ ಮಧ್ಯಮದ ತಬಲಾ ಹಾಡಿನುದ್ದಕ್ಕೂ ಅಪಸ್ವರ ಬಾರಿಸಿದ ಹಾಗೆ.

ಗಿಟಾರಿಗೆ ಕ್ಯಾಪೋ (ತಂತಿಗಳನ್ನು ಒಟ್ಟಿಗೆ ಒತ್ತಿ ಶ್ರುತಿ ಏರಿಸುವ ಕ್ಲಿಪ್ಪು) ಹಾಕಿ, ಮಕ್ಕಳಿಗೆ ಬಾರದ ಬಾರ್ ಕಾರ್ಡ್ (ಒಂದೇ ಬೆರಳಲ್ಲಿ ತಂತಿಗಳನ್ನೆಲ್ಲ ಒತ್ತುವ ಕಾರ್ಡ್) ಕೇಳಬೇಡಿ. ಕರ್ನಾಟಕ ಪಿಟೀಲು ಸ-ಪ-ಸ-ಪ ಶ್ರುತಿಯಲ್ಲಿರುತ್ತದೆ, ಪಾಶ್ಚಾತ್ಯ ಪಿಟೀಲು ಜಿ-ಡಿ-ಎ-ಇ. ಇಬ್ಬರಿಗೂ ಒಂದೇ ಹಾಳೆ ಕೊಡಬಹುದು, ಆದರೆ ಬೆರಳು ಗುರುತು ಹಾಕಿದ ಹಾಳೆಯನ್ನು ಹಂಚಿಕೊಳ್ಳಲು ಬಿಡಬೇಡಿ.

ಟ್ರಂಪೆಟ್, ಕ್ಲಾರಿನೆಟ್ ಸಾಮಾನ್ಯವಾಗಿ ಬಿ-ಫ್ಲಾಟ್ ವಾದ್ಯಗಳು (‘ಸಿ’ ಎಂದು ಬರೆದದ್ದನ್ನು ಊದಿದರೆ ಬಿ-ಫ್ಲಾಟ್ ಕೇಳಿಸುತ್ತದೆ), ಅವರ ಹಾಳೆಯನ್ನು ಒಂದು ಪೂರ್ಣ ಸ್ವರ ಮೇಲೆ ಬರೆಯಬೇಕು. ಎರಡು ಮನೆಯ ಹಾಡು ಅವರಿಗೆ ನಾಲ್ಕು ಶಾರ್ಪಿನ ‘ಇ’ ಆಗುತ್ತದೆ, ಆಲ್ಟೋ ಸ್ಯಾಕ್ಸೋಫೋನಿಗೆ ಐದು ಶಾರ್ಪಿನ ‘ಬಿ’. ಅದೇ ಹಾಡನ್ನು ಎರಡೂವರೆ ಮನೆಗೆ ಏರಿಸಿದರೆ ಟ್ರಂಪೆಟ್ಟಿಗೆ ‘ಎಫ್’, ಆಲ್ಟೋ ಸ್ಯಾಕ್ಸೋಫೋನಿಗೆ ‘ಸಿ’. ಹಾಡುವವರಿಗೆ ಅರ್ಧ ಮನೆ ಹೆಚ್ಚಾಯಿತು ಅಷ್ಟೆ, ಊದುವವರಿಗೆ ಬೆಟ್ಟದಷ್ಟು ಹಗುರ.

ಎರಡನೇ ದನಿ ಸೇರಿಸಿದರೆ ರಾಗ ಕೆಡುವುದಿಲ್ಲವೇ?

ಕೆಡಬಹುದು, ಹಾಗಾಗಿ ರಾಗ ನೋಡಿ ಸೇರಿಸಬೇಕು. ಭಾರತೀಯ ವಾದ್ಯಗಳ ವೃಂದಕ್ಕೆ ಸಂಗೀತ ಬರೆಯುವವರೆಲ್ಲ ಎದುರಿಸಿದ ಪ್ರಶ್ನೆ ಇದು. 1952ರಲ್ಲಿ ದೆಹಲಿಯ ಆಕಾಶವಾಣಿಯಲ್ಲಿ ಶುರುವಾದ ವಾದ್ಯವೃಂದವನ್ನು ಪಂಡಿತ್ ರವಿಶಂಕರ್ ಮತ್ತು ಟಿ.ಕೆ. ಜಯರಾಮ ಅಯ್ಯರ್ ನಡೆಸಿದರು. ಹಿಂದೂಸ್ತಾನಿ, ಕರ್ನಾಟಕ ಎರಡರ ವಾದ್ಯಗಳನ್ನೂ ಒಟ್ಟಿಗೆ ಕೂರಿಸಿದಾಗ ರಾಗದ ಮರ್ಯಾದೆ ಉಳಿಸಿಕೊಂಡು ಸದ್ದಿಗೆ ಗಾತ್ರ ಕೊಡುವುದು ಹೇಗೆಂಬುದೇ ಅಲ್ಲಿನ ಕೆಲಸ.

ಶಾಲೆಯ ಮಟ್ಟದಲ್ಲಿ ಒಂದು ಸರಳ ನಿಯಮ ಸಾಕು: ಎರಡನೇ ದನಿಯೂ ಅದೇ ರಾಗದ ಸ್ವರಗಳನ್ನೇ ಬಳಸಲಿ, ಮೂಲ ಸ್ವರದಿಂದ ಕೆಳಗೆ ಒಂದು ಸ್ವರ ಬಿಟ್ಟು ಮುಂದಿನದನ್ನು ಹಿಡಿಯಲಿ. ಮೋಹನದಲ್ಲಿ ಗ ಕ್ಕೆ ಸ, ಪ ಕ್ಕೆ ರಿ, ದ ಕ್ಕೆ ಗ, ತಾರ ಸ ಕ್ಕೆ ಪ, ರಿ ಗೆ ಮಂದ್ರ ದ. ಆದಿತಾಳದ ಒಂದು ಆವರ್ತ (ಎಂಟು ಅಕ್ಷರದ ಒಂದು ಸುತ್ತು) ನೋಡಿ, ಅಲ್ಪವಿರಾಮ ಇರುವಲ್ಲಿ ಹಿಂದಿನ ಸ್ವರವನ್ನೇ ಇನ್ನೊಂದು ಅಕ್ಷರ ಹಿಡಿಯಬೇಕು:

ಮೊದಲ ದನಿ: ಗ , ಪ ಗ | ರಿ , | ಸ , ||
ಎರಡನೇ ದನಿ: ಸ , ರಿ ಸ | ದ , | ಸ , ||
ತಳದ ದನಿ: ಸ , ಪ , | ಸ , | ಸ , ||

ಎರಡನೇ ದನಿಯ ದ, ತಳದ ದನಿಯ ಪ ಎರಡೂ ಮಂದ್ರ. ನಿಯಮದಂತೆ ಹೋದರೆ ಎರಡನೇ ದನಿ ಕೊನೆಯಲ್ಲಿ ಮಂದ್ರ ಪಂಚಮಕ್ಕೆ ಹೋಗಬೇಕಿತ್ತು. ಹಾಗೆ ಬಿಟ್ಟರೆ ಆವರ್ತ ಮುಗಿದಂತೆ ಕೇಳಿಸುವುದಿಲ್ಲ, ಬಾಗಿಲು ಅರ್ಧ ತೆರೆದಿಟ್ಟ ಹಾಗಿರುತ್ತದೆ. ಆದ್ದರಿಂದ ಕೊನೆಯ ಷಡ್ಜದಲ್ಲಿ ಮೂವರನ್ನೂ ಸೇರಿಸಿದ್ದು. ಐದನೇ ಅಕ್ಷರದಲ್ಲಿ ರಿ, ದ, ಸ ಒಟ್ಟಿಗೆ ಬಿದ್ದಾಗ ಒಂಚೂರು ಬಿಗಿ ಕೇಳಿಸುತ್ತದೆ, ಏಳನೆಯದಕ್ಕೆ ಅದು ಸಡಿಲಾಗುತ್ತದೆ. ಆ ಬಿಗಿ ಬೇಕು. ಅದನ್ನು ತಪ್ಪೆಂದು ತಿದ್ದಬೇಡಿ.

ಮೋಹನದಲ್ಲಿ ಪಕ್ಕಪಕ್ಕದ ಅರ್ಧ ಮನೆಗಳೇ ಇಲ್ಲ. ಹಾಗಾಗಿ ಒಂದು ಗುಂಪು ಶುರು ಮಾಡಿದ ಒಂದು ಆವರ್ತದ ಮೇಲೆ ಇನ್ನೊಂದು ಗುಂಪು ಅದೇ ಧಾಟಿಯನ್ನು ಮೊದಲಿಂದ ಎತ್ತಿಕೊಂಡರೂ ಕಿವಿಗೆ ಚುಚ್ಚುವುದಿಲ್ಲ. ಎರಡನೇ ದನಿ ಬರೆಯಲು ಇನ್ನೂ ಧೈರ್ಯ ಬಾರದವರು ಇದರಿಂದ ಶುರು ಮಾಡಲಿ. ಹಂಸಧ್ವನಿ ಇನ್ನೂ ಉದಾರಿ: ಸ-ಗ-ಪ, ಪ-ನಿ-ರಿ ಎಂಬ ಎರಡು ಕಾರ್ಡುಗಳು ರಾಗದೊಳಗೇ ಸಿಗುವುದರಿಂದ ಗಿಟಾರಿನ ಮಗುವಿಗೂ ಪೂರ್ತಿ ಕೆಲಸ ಸಿಗುತ್ತದೆ.

ಮಲಹರಿಯಲ್ಲಿ ಇದೇ ಉಪಾಯ ನಡೆಯುವುದಿಲ್ಲ. ಶುದ್ಧ ರಿಷಭ, ಶುದ್ಧ ಧೈವತಗಳು ಷಡ್ಜ ಪಂಚಮಕ್ಕೆ ಅರ್ಧ ಮನೆಯಷ್ಟೇ ದೂರ, ಜೊತೆಗೆ ಗಾಂಧಾರ ಇಳಿಯುವಾಗ ಮಾತ್ರ ಬರುತ್ತದೆ. ಅಲ್ಲಿ ಎಲ್ಲರೂ ಒಂದೇ ಧಾಟಿ ನುಡಿಸಲಿ, ಗಾತ್ರವನ್ನು ಲಯದಿಂದ ತನ್ನಿ: ಪಿಟೀಲುಗಳು ಮೊದಲ ಕಾಲದಲ್ಲಿ, ಎರಡನೇ ಸಲ ಕೊಳಲು, ಕೀಬೋರ್ಡು ಎರಡನೇ ಕಾಲದಲ್ಲಿ, ಅಂದರೆ ದುಪ್ಪಟ್ಟು ವೇಗದಲ್ಲಿ.

24 ಮಕ್ಕಳು ಹಾಡುವುದಾದರೆ ಮೂಲಕ್ಕೆ 15, ಎರಡನೇ ದನಿಗೆ 9 ಜನ ಸಾಕು. ಆದರೆ ಆ ಒಂಬತ್ತರಲ್ಲಿ ಮೂವರಾದರೂ ಗಟ್ಟಿ ಕಿವಿಯವರು ಇರಲಿ, ಇಲ್ಲವಾದರೆ ಮೂರನೇ ಸಾಲಿಗೆ ಎಲ್ಲರೂ ಮೂಲ ಧಾಟಿಗೆ ಜಾರಿರುತ್ತಾರೆ.

ಗಮಕ ಬರೆಯಬೇಕೇ?

ಎಲ್ಲಿ ಬೇಕು ಎಂಬುದಕ್ಕಿಂತ ಎಲ್ಲಿ ಬೇಡ ಎಂಬುದನ್ನು ಬರೆಯಿರಿ. ಕೀಬೋರ್ಡು ನೇರ ಸ್ವರ ನುಡಿಸುವ ಕಡೆ ಪಿಟೀಲು ಕಂಪಿತ ಹಾಕಿದರೆ ಎರಡೂ ಅಪಸ್ವರ ಎನಿಸುತ್ತವೆ. ಜಾರು ಹಾಕುವುದಾದರೆ ಎಷ್ಟನೇ ಅಕ್ಷರದಲ್ಲಿ ಹೊರಟು ಎಷ್ಟನೆಯದರಲ್ಲಿ ಮುಟ್ಟಬೇಕು ಎಂದು ಕೈಯಲ್ಲಿ ತಾಳ ಹಾಕಿ ತೋರಿಸಿ. ಗಮಕದ ಸೊಗಸು ಬೇಕೇ ಬೇಕಾದ ಸಾಲನ್ನು ಒಬ್ಬರೇ ನುಡಿಸಲಿ.

ಎಲ್ಲರೂ ಸೇರಿದಾಗ ಗದ್ದಲ ಆಗುತ್ತದೆ, ಹಾಡೇ ಕೇಳಿಸುವುದಿಲ್ಲ. ಏಕೆ?

ಯಾರೂ ಸುಮ್ಮನಿಲ್ಲದ್ದರಿಂದ. ಹಾಡುವವರ ಧಾಟಿಯನ್ನೇ ಕೊಳಲು, ಪಿಟೀಲು, ಕೀಬೋರ್ಡು, ಮೆಲೋಡಿಕಾ ಎಲ್ಲವೂ ಅದೇ ಸ್ಥಾಯಿಯಲ್ಲಿ ನುಡಿಸಿದರೆ ಸಾಹಿತ್ಯ ಮುಳುಗುತ್ತದೆ. ಹಾಡು ನಡೆಯುವಾಗ ಒಂದೇ ವಾದ್ಯ ಧಾಟಿಯ ಜೊತೆ ಹೋಗಲಿ, ಉಳಿದವು ಉದ್ದ ಸ್ವರ ಹಿಡಿಯಲಿ ಅಥವಾ ಸುಮ್ಮನಿರಲಿ. ಸಾಲು ಮುಗಿದು ಹಾಡುವವರು ಉಸಿರು ತೆಗೆದುಕೊಳ್ಳುವ ಎರಡು ಅಕ್ಷರದಲ್ಲಿ ಕೊಳಲು ಒಂದು ಚಿಕ್ಕ ಫಿಲ್ಲಿಂಗ್ ಕೊಡಲಿ. ಎಲ್ಲರೂ ಸೇರುವ ಅವಕಾಶ ಇಡೀ ಹಾಡಿನಲ್ಲಿ ಎರಡು ಸಲ ಮಾತ್ರ, ಆಗಲೇ ಅದಕ್ಕೆ ಬೆಲೆ.

ಡೊಳ್ಳು, ತಮಟೆಗೆ ಬೇರೆ ಮಾತು ಬೇಕು. ಮುಚ್ಚಿದ ಸಭಾಂಗಣದಲ್ಲಿ ಎರಡು ಡೊಳ್ಳು 20 ಮಕ್ಕಳ ದನಿಯನ್ನು ನುಂಗುತ್ತವೆ. ಪೂರ್ವಸಂಗೀತದಲ್ಲಿ, ಬಿಟ್‌ಗಳಲ್ಲಿ (ಹಾಡಿನ ನಡುವೆ ವಾದ್ಯಗಳಷ್ಟೇ ನುಡಿಸುವ ಭಾಗಗಳಲ್ಲಿ) ಅವು ಪೂರ್ತಿ ಮೊಳಗಲಿ, ಹಾಡು ಶುರುವಾದ ಕೂಡಲೇ ಖಂಜಿರ ಮತ್ತು ಗೆಜ್ಜೆ ಲಯ ಹಿಡಿಯಲಿ. ಡೊಳ್ಳಿಗೆ ಬಟ್ಟೆ ಕಟ್ಟಿ ಸದ್ದು ಕುಗ್ಗಿಸುವುದು ಡೊಳ್ಳಿಗೂ ಅದನ್ನು ಬಾರಿಸುವ ಮಗುವಿಗೂ ಅನ್ಯಾಯ.

ಬಿಟ್ ಎಷ್ಟು ಉದ್ದ ಇರಬೇಕು?

ಗಡಿಯಾರದಲ್ಲಿ ಲೆಕ್ಕ ಹಾಕಿ. ನಿಮಿಷಕ್ಕೆ 80 ಅಕ್ಷರದ ಕಾಲಪ್ರಮಾಣದಲ್ಲಿ ಆದಿತಾಳದ ಒಂದು ಆವರ್ತಕ್ಕೆ 6 ಸೆಕೆಂಡು. 5 ನಿಮಿಷದ ಅವಕಾಶ ಎಂದರೆ 50 ಆವರ್ತ. ಪೂರ್ವಸಂಗೀತಕ್ಕೆ 4, ಎರಡು ಬಿಟ್‌ಗಳಿಗೆ ತಲಾ 4, ಮುಕ್ತಾಯಕ್ಕೆ 2 ತೆಗೆದರೆ ಹಾಡಿಗೆ 36 ಉಳಿಯಿತು. ಇಷ್ಟು ಬರೆದುಕೊಂಡ ಮೇಲೆ ಯಾವ ಚರಣ ಬಿಡಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಬಿಟ್‌ನ ಕೊನೆಯ ಸ್ವರ ಹಾಡುವವರು ಹಿಡಿಯಬೇಕಾದ ಸ್ವರವೇ ಆಗಿರಲಿ, ಅಥವಾ ಅದರ ಪಕ್ಕದ್ದು. ಬಿಟ್ ತಾರ ಸ್ಥಾಯಿಯಲ್ಲಿ ಮಿಂಚಿ ನಿಂತರೆ, ಮಂದ್ರ ಪಂಚಮದಲ್ಲಿ ಶುರುವಾಗುವ ಚರಣವನ್ನು ಮಕ್ಕಳು ತಡಕಾಡುತ್ತಾರೆ. ಹಾಡಿನ ಎತ್ತುಗಡೆ ಅನಾಗತದಲ್ಲಿದ್ದರೆ, ಅಂದರೆ ತಾಳ ಬಿದ್ದ ಮೇಲೆ ಸಾಹಿತ್ಯ ಶುರುವಾಗುವುದಾದರೆ, ಸಮದ ಮೇಲೆ ಒಂದು ಜಾಗಟೆ ಅಥವಾ ತಾಳದ ಪೆಟ್ಟು ಇಡಿ. ಅದನ್ನು ಕೇಳಿ ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಳ್ಳುತ್ತಾರೆ.

ನಾಡಗೀತೆಗೆ ನಾವೇ ವಾದ್ಯ ಸಂಯೋಜನೆ ಮಾಡಬಹುದೇ?

ಪಕ್ಕವಾದ್ಯ ಹೊಂದಿಸಬಹುದು, ಧಾಟಿ ಮುಟ್ಟಬಾರದು. ಕುವೆಂಪು ಅವರ ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಆಲಾಪ, ಪುನರಾವರ್ತನೆ ಇಲ್ಲದೆ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶಿಸಿದೆ. ಆದ್ದರಿಂದ ಬಿಟ್‌ಗೆ ಜಾಗವಿಲ್ಲ. ಶ್ರುತಿ ಕೊಡಲು ಒಂದು ಉದ್ದ ಷಡ್ಜ, ನೇರ ಹಾಡು. ಸಮಯ ಮೀರುವುದು ಸಾಮಾನ್ಯವಾಗಿ ಸಾಲುಗಳ ಕೊನೆಯನ್ನು ಎಳೆಯುವುದರಿಂದ. ಮೊಬೈಲಿನ ಸ್ಟಾಪ್‌ವಾಚ್ ಇಟ್ಟು ಮೂರು ಸಲ ಹಾಡಿಸಿದರೆ ಎಲ್ಲಿ ಎಳೆಯುತ್ತಿದ್ದಾರೆಂದು ಸಿಕ್ಕಿಬಿಡುತ್ತದೆ. ರಾಷ್ಟ್ರಗೀತೆಗೆ 52 ಸೆಕೆಂಡು, ಅಲ್ಲಿ ಯಾವ ಪ್ರಯೋಗವೂ ಬೇಡ.

ಪ್ರಸಿದ್ಧ ಭಾವಗೀತೆಗಳನ್ನು ಬಳಸಲು ಅನುಮತಿ ಬೇಕೇ?

ಶಾಲೆಯೊಳಗೆ, ಶಿಕ್ಷಕರು ಮತ್ತು ವಿದ್ಯಾರ್ಥಿಗಳೇ ಹಾಡಿ, ಕೇಳುವವರು ಕೂಡ ಅವರೇ, ಅವರ ಪೋಷಕರು ಮತ್ತು ಸಂಸ್ಥೆಗೆ ಸಂಬಂಧಪಟ್ಟವರೇ ಆಗಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಅದರ ವಿಡಿಯೋವನ್ನು ಯೂಟ್ಯೂಬಿಗೆ ಹಾಕಿದ ಕ್ಷಣ ಈ ವಿನಾಯಿತಿಯ ಆಸರೆ ಇರುವುದಿಲ್ಲ.

ಕವಿ ತೀರಿಕೊಂಡ ಮುಂದಿನ ಕ್ಯಾಲೆಂಡರ್ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆಯವರು 1981ರಲ್ಲಿ ತೀರಿಕೊಂಡರು, ಹಾಗಾಗಿ 2041ರ ಕೊನೆಯವರೆಗೆ. ಕುವೆಂಪು ಅವರದು 2054ರ ಕೊನೆಯವರೆಗೆ. 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳ ಕವಿತೆಗಳು 2024ರಿಂದ ಮುಕ್ತ. ಪಂಜೆ ಮಂಗೇಶರಾಯರು, ಬಿ.ಎಂ.ಶ್ರೀ, ವಚನಕಾರರು, ದಾಸರು, ಶಿಶುನಾಳ ಶರೀಫರು, ಇವರ ಸಾಹಿತ್ಯಕ್ಕೆ ತಡೆಯಿಲ್ಲ. ಆದರೆ ಧಾಟಿಗೆ ಬೇರೆಯೇ ಹಕ್ಕಿದೆ. ಶರೀಫರ ತತ್ವಪದ ಮುಕ್ತ ಎಂದ ಮಾತ್ರಕ್ಕೆ ಇತ್ತೀಚಿನ ಸಂಗೀತ ಸಂಯೋಜಕರು ಅದಕ್ಕೆ ಹಾಕಿದ ಧಾಟಿ ಮುಕ್ತವಲ್ಲ. ಪಂಜೆಯವರ ಒಂದು ಮಕ್ಕಳ ಹಾಡಿಗೆ ನೀವೇ ಧಾಟಿ ಹಾಕಿ. ಪ್ರಾಸ, ಗಣ ಎರಡೂ ಅಚ್ಚುಕಟ್ಟಾಗಿರುವುದರಿಂದ ಧಾಟಿ ಕಟ್ಟುವ ಕೆಲಸ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ಸಿಗದು.

ಸ್ವರಲಿಪಿ ಯಾವ ರೀತಿ ಬರೆಯುವುದು?

ಮಕ್ಕಳಿಗೆ ಗೊತ್ತಿರುವ ರೀತಿಯಲ್ಲಿ. ಕನ್ನಡ ಸ್ವರಲಿಪಿ ಓದುವವರಿಗೆ ಸ ರಿ ಗ, ಸ್ಟಾಫ್ ನೊಟೇಶನ್ ಓದುವವರಿಗೆ ಅದು. ಎರಡರಲ್ಲೂ ಆವರ್ತದ ಸಂಖ್ಯೆ ಒಂದೇ ಆಗಿರಬೇಕು. ‘17ನೇ ಆವರ್ತದಿಂದ’ ಎಂದ ಕೂಡಲೇ ಎಲ್ಲರೂ ಒಂದೇ ಜಾಗಕ್ಕೆ ಬರಬೇಕು, ‘ಆ ಎರಡನೇ ಚರಣದ ಮುಂಚೆ ಬರುತ್ತಲ್ಲ’ ಎಂದು ವಿವರಿಸುತ್ತಾ ಹತ್ತು ನಿಮಿಷ ಹೋಗಬಾರದು. ಅಲ್ಪವಿರಾಮ ಒಂದು ಅಕ್ಷರ, ಅರ್ಧವಿರಾಮ ಎರಡು, ಕೆಳಗೆ ಚುಕ್ಕೆ ಮಂದ್ರ, ಮೇಲೆ ಚುಕ್ಕೆ ತಾರ. ಜೆರಾಕ್ಸ್ ತೆಗೆದಾಗ ಚುಕ್ಕೆಗಳೇ ಮೊದಲು ಮಾಯವಾಗುವುದು, ದಪ್ಪಗೆ ಹಾಕಿ. ಸುಮ್ಮನಿರುವ ಆವರ್ತಗಳನ್ನೂ ಬರೆಯಿರಿ. ಮ್ಯೂಸ್‌ಸ್ಕೋರ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಟಾಫ್ ನೊಟೇಶನ್ ಒಮ್ಮೆ ಬರೆದರೆ ಟ್ರಂಪೆಟ್ಟಿನ, ಸ್ಯಾಕ್ಸೋಫೋನಿನ ಹಾಳೆಯನ್ನು ಅದೇ ಬದಲಾಯಿಸಿ ಕೊಡುತ್ತದೆ.

ನಮ್ಮಲ್ಲಿ ಬ್ಯಾಂಡ್ ಸೆಟ್ ಮಾತ್ರ ಇದೆ. ಅದರಲ್ಲಿ ಏನು ಸಾಧ್ಯ?

ಬ್ಯೂಗಲ್‌ಗೆ ಕೀಲಿ ಇಲ್ಲ, ತುಟಿಯ ಬಿಗಿಯಿಂದ ಷಡ್ಜ, ಪಂಚಮ, ತಾರ ಷಡ್ಜ, ಗಾಂಧಾರ, ಪಂಚಮ ಇಷ್ಟೇ ಸುಲಭವಾಗಿ ಬರುವುದು. ಇಡೀ ಧಾಟಿ ಅದರಲ್ಲಿ ನುಡಿಸಲಾಗದು, ಆದರೆ ಸಾಲಿನ ಕೊನೆಗೆ ಬೀಳುವ ಸ-ಗ-ಪ ಮೊಳಗಿಗೆ ಅದಕ್ಕೆ ಸಮ ಇಲ್ಲ. ಧಾಟಿಯನ್ನು ಫ್ಲೂಟುಗಳಿಗೆ ಅಥವಾ ಮೆಲೋಡಿಕಾಗಳಿಗೆ ಕೊಡಿ. ಅವುಗಳ ಶ್ರುತಿಯನ್ನು ಬ್ಯೂಗಲ್‌ಗೇ ಹೊಂದಿಸಬೇಕು, ಬ್ಯೂಗಲ್ ಯಾರಿಗೂ ಹೊಂದಿಕೊಳ್ಳುವುದಿಲ್ಲ. ಸೈಡ್ ಡ್ರಮ್ ಇಡೀ ಹೊತ್ತು ಉರುಳಬೇಕಿಲ್ಲ, ಎಂಟು ಆವರ್ತಕ್ಕೊಮ್ಮೆ ಒಂದು ಆವರ್ತ ಬಾಸ್ ಡ್ರಮ್ ಒಂದನ್ನೇ ಬಿಡಿ.

ಯುವಜನೋತ್ಸವದ ಸಮೂಹಗಾನಕ್ಕೆ ಏನು ಗಮನಿಸಬೇಕು?

ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಸ್ಪರ್ಧೆಯಲ್ಲಿ ಗಾಯಕರು ಹೆಚ್ಚೆಂದರೆ 6, ಪಕ್ಕವಾದ್ಯದವರು 3, ಸಮಯ 10 ನಿಮಿಷ, ಸಿನಿಮಾ ಹಾಡು ಇಲ್ಲ. ಆರು ಜನರಲ್ಲಿ ಮೂರು ದನಿ ಬರೆದರೆ ಪ್ರತಿ ದನಿಗೆ ಇಬ್ಬರೇ ಸಿಗುತ್ತಾರೆ, ಒಬ್ಬರಿಗೆ ಗಂಟಲು ಕೆಟ್ಟರೆ ಮುಗಿಯಿತು. ಎರಡು ದನಿ, ತಲಾ ಮೂವರು ಎಂಬುದೇ ಭದ್ರ. ಆಯಾ ವರ್ಷದ ಸುತ್ತೋಲೆಯನ್ನು ಹಾಡು ಆರಿಸುವ ಮೊದಲು ಓದಿ.

ಕರೋಕೆ ಟ್ರ್ಯಾಕ್ ಹಾಕಿ ಹಾಡಿಸಿದರೆ ತಪ್ಪೇ?

ಹಾಡಲು ಧೈರ್ಯ ಬರಲೆಂದು ಅಭ್ಯಾಸಕ್ಕೆ ಬಳಸಿ. ವೇದಿಕೆಗೆ ಬೇಡ. ಟ್ರ್ಯಾಕ್ ಕಾಯುವುದಿಲ್ಲ, ಒಂದು ಅಕ್ಷರ ಹಿಂದೆ ಬಿದ್ದ ಮಗುವನ್ನು ಹಿಡಿದುಕೊಳ್ಳುವುದಿಲ್ಲ. ತಬಲಾ ಬಾರಿಸುವ ಸಹಪಾಠಿ ಹಿಡಿದುಕೊಳ್ಳುತ್ತಾನೆ.

ಅಭ್ಯಾಸಕ್ಕೆ ಎಷ್ಟು ದಿನ ಬೇಕು?

ವಾರಕ್ಕೆ 40 ನಿಮಿಷದ ಎರಡು ಪೀರಿಯಡ್ ಸಿಗುವುದಾದರೆ ಆರು ವಾರ. ಮೊದಲ ಎರಡು ವಾರ ಬೇರೆ ಬೇರೆ ಗುಂಪಾಗಿ: ಹಾಡುವವರು ಒಂದು ಕಡೆ, ತಂತಿವಾದ್ಯ ಒಂದು ಕಡೆ, ತಾಳವಾದ್ಯ ಒಂದು ಕಡೆ. ಪ್ರತಿ ಪಾಲನ್ನೂ ನೀವೇ ನುಡಿಸಿ ಅಥವಾ ಹಾಡಿ, ಮೊಬೈಲಿನಲ್ಲಿ ಮುದ್ರಿಸಿ ಪೋಷಕರ ವಾಟ್ಸಾಪ್ ಗುಂಪಿಗೆ ಕಳಿಸಿ. ಮೂರನೇ ವಾರ ಸೇರಿಸುವಾಗ ಕೊನೆಯಿಂದ ಶುರು ಮಾಡಿ: ಮೊದಲು ಮುಕ್ತಾಯ, ಆಮೇಲೆ ಕೊನೆಯ ಚರಣ, ಹೀಗೆ ಹಿಂದಕ್ಕೆ. ಯಾವಾಗಲೂ ಮೊದಲಿಂದ ಅಭ್ಯಾಸ ಮಾಡುವ ತಂಡಗಳಿಗೆ ಪೂರ್ವಸಂಗೀತ ಅದ್ಭುತವಾಗಿ ಬರುತ್ತದೆ, ಮುಕ್ತಾಯದಲ್ಲಿ ಒಬ್ಬೊಬ್ಬರು ಒಂದೊಂದು ಕಡೆ ನಿಲ್ಲುತ್ತಾರೆ. ಪ್ರತಿ ಪೀರಿಯಡ್‌ನ ಮೊದಲ ಏಳೆಂಟು ನಿಮಿಷ ಶ್ರುತಿ ಸೇರಿಸಲು ಮೀಸಲಿಡಿ. ಅದನ್ನು ಉಳಿಸಲು ಹೋದರೆ ಉಳಿದ ಅರ್ಧ ಗಂಟೆ ಅಪಸ್ವರವನ್ನೇ ಅಭ್ಯಾಸ ಮಾಡಿದ ಹಾಗೆ.

ಮೈಕ್ ಎಷ್ಟು ಬೇಕು?

ಆರೆಂಟು ಜನಕ್ಕೆ ಒಂದು, ಎರಡು ಮೂರು ಅಡಿ ದೂರದಲ್ಲಿ, ಬಾಯಿಗಿಂತ ಸ್ವಲ್ಪ ಮೇಲೆ. ಒಂದು ಮೈಕಿಗೂ ಇನ್ನೊಂದಕ್ಕೂ ನಡುವಿನ ದೂರ, ಮೈಕಿಗೂ ಹಾಡುವವರಿಗೂ ಇರುವ ದೂರದ ಮೂರರಷ್ಟು ಇರಲಿ. ಇಲ್ಲದಿದ್ದರೆ ಒಂದೇ ದನಿ ಎರಡು ಮೈಕಿಗೂ ಬಿದ್ದು ಟೊಳ್ಳಾಗಿ ಕೇಳುತ್ತದೆ. ಕೊಳಲಿಗೆ ಬೇರೆ ಮೈಕ್, ತಬಲಾಕ್ಕೆ ಸಣ್ಣ ಸಭಾಂಗಣದಲ್ಲಿ ಬೇಡವೇ ಬೇಡ.

ನಡುವೆ ತಪ್ಪಿದರೆ, ಕರೆಂಟ್ ಹೋದರೆ?

ತಪ್ಪಿದವರೆಲ್ಲ ಸೇರಿಕೊಳ್ಳಬೇಕಾದ ಜಾಗ ಒಂದೇ, ಪಲ್ಲವಿಯ ಸಮ. ಇದನ್ನು ಅಭ್ಯಾಸದಲ್ಲೇ ಮಾಡಿಸಿ: ಹಾಡು ನಡೆಯುವಾಗ ಬೇಕೆಂದೇ ಇಬ್ಬರನ್ನು ನಿಲ್ಲಿಸಿ, ಪಲ್ಲವಿಗೆ ಸೇರಿಕೊಳ್ಳಲು ಹೇಳಿ. ತಬಲಾ ಅಥವಾ ಮೃದಂಗದ ಮಗು ಏನೇ ಆದರೂ ಕೈ ನಿಲ್ಲಿಸಬಾರದು.

ಕರೆಂಟ್ ಹೋಗಿ ಬಂದಾಗ ಇನ್ನೊಂದು ಅಪಾಯ ಕಾದಿರುತ್ತದೆ. ಕೀಬೋರ್ಡಿನ ಮಗು ‘ಸಿ’ಯನ್ನೇ ಷಡ್ಜ ಮಾಡಿಕೊಂಡು ಟ್ರಾನ್ಸ್‌ಪೋಸ್ ಗುಂಡಿಯಿಂದ ಎರಡು ಮೆಟ್ಟಿಲು ಏರಿಸಿಕೊಂಡಿರುತ್ತದೆ. ಬಹಳಷ್ಟು ಕೀಬೋರ್ಡುಗಳು ಆಫ್ ಆಗಿ ಆನ್ ಆದಾಗ ಅದನ್ನು ಮರೆತು ಸೊನ್ನೆಗೆ ಮರಳುತ್ತವೆ. ಉಳಿದವರು ಎರಡು ಮನೆಯಲ್ಲಿರುವಾಗ ಕೀಬೋರ್ಡು ಒಂದು ಮನೆಯಲ್ಲಿ ಎದ್ದು ಕೂರುತ್ತದೆ. ಎರಡು ಮನೆಯ ಬೆರಳುಗಳನ್ನೇ ಕಲಿಸಿದ್ದರೆ ಈ ತೊಂದರೆಯೇ ಇರುವುದಿಲ್ಲ. ಅಷ್ಟು ಸಮಯ ಇಲ್ಲದಿದ್ದರೆ ‘ಟ್ರಾನ್ಸ್‌ಪೋಸ್ 2’ ಎಂದು ಒಂದು ಚೀಟಿ ಬರೆದು ಕೀಬೋರ್ಡಿನ ಮೇಲೆ ಅಂಟಿಸಿ, ಶ್ರುತಿ ಪೆಟ್ಟಿಗೆಗೆ ಹೊಸ ಬ್ಯಾಟರಿ ಹಾಕಿಡಿ.